ರಟ್ಟಿನ ಎಂಜಿನ್ನಿನ ಮಾಸ್ತರರು

ಉತ್ತರ ಕರ್ನಾಟಕದ ಸಣ್ಣ ಊರುಗಳ ಜನಜೀವನವನ್ನು ಬಣ್ಣಿಸುವವರು ಕಟ್ಟೆಯ ಮೇಲೆ ಕುಳಿತು ದಿಲ್ಲಿಯ ರಾಜಕಾರಣ ನಡೆಸುವವರನ್ನೂ, ಯಾರ ಮನೆಯ ಲಗ್ನವಾದರೂ ಪಂಗ್ತಿಯ ಉಸ್ತುವಾರಿ ತಾವೇ ಹೊರುವ ದೂರದ ಕಾಕಾಗಳನ್ನೂ ತಪ್ಪದೆ ನೆನೆಯುತ್ತಾರಾದರೂ, ಕೊಪ್ಪಳ ಸೀಮೆಯಲ್ಲಿ ಅಪರೂಪಕ್ಕೆ ಕಾಣಸಿಗುವ, ಕಂಡರೆ ಮಾತ್ರ ಕೂಡಲೇ ಗುರುತು ಹತ್ತುವ ಒಂದು ಮಾದರಿಯ ವ್ಯಕ್ತಿಗೆ ಅವರ ಬರಹದಲ್ಲಿ ಜಾಗ ದೊರೆತಂತಿಲ್ಲ. ಉಗಿಬಂಡಿಯ ಎಂಜಿನ್ನನ್ನು ಅದರ ಕಟ್ಟಕಡೆಯ ಬೋಲ್ಟಿನವರೆಗೆ ಕಾಗದದಲ್ಲಿಯೂ ರಟ್ಟಿನಲ್ಲಿಯೂ ಕಟ್ಟುವುದು ಈ ವರ್ಗದ ಮೊದಲ ಲಕ್ಷಣವಾದರೆ, ಆ ಎಂಜಿನ್ ಎಂದಿಗೂ ಮುಗಿದಿರದಿರುವುದು ಎರಡನೆಯದು. ಇವರು ನಿವೃತ್ತ ಡ್ರಾಯಿಂಗ್ ಶಿಕ್ಷಕರಾಗಿರಬಹುದು, ಸಹಕಾರಿ ಬ್ಯಾಂಕಿನ ಗುಮಾಸ್ತರಾಗಿರಬಹುದು, ಔಷಧದ ಅಂಗಡಿ ಇಟ್ಟವರೂ ಆಗಿರಬಹುದು. ಆದರೆ ಕೈಯಲ್ಲಿ ಸ್ಟೀಲಿನ ಅಳತೆಪಟ್ಟಿಯನ್ನೂ ಕಿವಿಯ ಮೇಲೆ ಪೆನ್ಸಿಲನ್ನೂ ಕಂಡ ಊರಿನವರು ಮೂವರನ್ನೂ ಸಮನಾಗಿ ಮಾಸ್ತರರೆಂದೇ ಕರೆಯುವುದರಿಂದ ಇಲ್ಲಿಯೂ ಆ ಹೆಸರನ್ನೇ ಬಳಸಲಾಗಿದೆ.

ಈ ಹವ್ಯಾಸ ಹುಟ್ಟಿದ್ದು ಕೊಪ್ಪಳದಲ್ಲಲ್ಲ. ಜರ್ಮನಿಯ ಎಸ್ಲಿಂಗೆನ್ ಊರಿನ ಶ್ರೈಬರ್ ಪ್ರಕಾಶನವು ಕತ್ತರಿಸಿ ಅಂಟಿಸುವ ಚಿತ್ರಹಾಳೆಗಳಿಗೆ ಹೆಸರಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಆಟಿಕೆಗೆ ಲೋಹ ಸಿಗದಾದಾಗ, ಇಂಗ್ಲೆಂಡಿನಲ್ಲಿ ‘ಮೈಕ್ರೋಮಾಡೆಲ್ಸ್’ ಎಂಬ ಪೋಸ್ಟ್‌ಕಾರ್ಡ್ ಗಾತ್ರದ ಹಾಳೆಗಳು 1941ರಿಂದ ಮಾರಾಟವಾದವು. ಪೋಲೆಂಡಿನಲ್ಲಂತೂ ಇದಕ್ಕಾಗಿಯೇ ಪತ್ರಿಕೆಗಳು ನಡೆದು, ನಿಜವಾದ ವಸ್ತುವಿನ ಇಪ್ಪತ್ತೈದನೆಯ ಒಂದು ಭಾಗದ ಅಳತೆ, ಅಂದರೆ 1:25 ಎಂಬ ಪ್ರಮಾಣ, ರೈಲಿನ ಎಂಜಿನ್ನುಗಳಿಗೆ ರೂಢಿಯಾಯಿತು. ಮಾಸ್ತರರು ಒಪ್ಪಿಕೊಂಡದ್ದು ಈ ಪ್ರಮಾಣವನ್ನು ಮಾತ್ರ. ಪೋಲೆಂಡಿನ ಎಂಜಿನ್ನನ್ನು ಅವರು ಒಪ್ಪುವುದಿಲ್ಲ, ಏಕೆಂದರೆ ಅದು ಕೊಪ್ಪಳದ ಹಳಿಯ ಮೇಲೆ ನಿಲ್ಲುವುದಿಲ್ಲ.

ಮಾಸ್ತರರ ಸ್ವಭಾವವೆಲ್ಲ ಅಡಗಿರುವುದು ಈ ಹಳಿಯಲ್ಲಿಯೇ ಆದುದರಿಂದ ಅದರ ಕಥೆಯನ್ನು ಸ್ವಲ್ಪ ಹೇಳಬೇಕಾಗುತ್ತದೆ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಗದಗಿನಿಂದ ಹೊಸಪೇಟೆಯ ಕಡೆಗೆ ಹಾಸಿದ ಹಳಿ ನಿಜಾಮರ ರಾಜ್ಯಕ್ಕೆ ಸೇರಿದ್ದ ಕೊಪ್ಪಳ ಸೀಮೆಯನ್ನು ಹಾದು, ಭಾನಾಪುರ, ಗಿಣಿಗೇರಾ, ಮುನಿರಾಬಾದುಗಳ ಮೂಲಕ ತುಂಗಭದ್ರೆಯನ್ನು ದಾಟಿ ಮದರಾಸು ಪ್ರಾಂತ್ಯವನ್ನು ಸೇರುತ್ತಿತ್ತು. ಅದು ಮೀಟರ್ ಗೇಜಿನ ಹಳಿ, ಎಂದರೆ ಎರಡು ಕಂಬಿಗಳ ನಡುವಿನ ಅಂತರ 1000 ಮಿಲಿಮೀಟರ್. ದೇಶದ ಮುಖ್ಯ ಮಾರ್ಗಗಳಲ್ಲಿದ್ದ ಬ್ರಾಡ್ ಗೇಜಿನ ಅಂತರ 1676 ಮಿಲಿಮೀಟರ್. 1990ರ ದಶಕದಲ್ಲಿ ಕೊಪ್ಪಳದ ಹಳಿಯೂ ಅಗಲವಾಯಿತು. ಊರಿಗೆ ಊರೇ ಸಂಭ್ರಮಪಟ್ಟ ಈ ಬದಲಾವಣೆಯನ್ನು ಮಾಸ್ತರರು ಇಂದಿಗೂ ತಾತ್ಕಾಲಿಕವೆಂದೇ ಭಾವಿಸಿದ್ದಾರೆ. ಅವರ ಮೇಜಿನ ಮೇಲಿರುವ ಹಳಿಯ ಅಂತರ 40 ಮಿಲಿಮೀಟರ್. ಸಾವಿರವನ್ನು ಇಪ್ಪತ್ತೈದರಿಂದ ಭಾಗಿಸಿದರೆ ಶೇಷವಿಲ್ಲದೆ ನಲವತ್ತು ಬರುವುದನ್ನೂ, 1676ನ್ನು ಹಾಗೆ ಭಾಗಿಸಿದರೆ 67ರ ಮುಂದೆ ಒಂದಿಷ್ಟು ದಶಾಂಶದ ಕಸ ಉಳಿಯುವುದನ್ನೂ ಅವರು ಮೀಟರ್ ಗೇಜಿನ ಶ್ರೇಷ್ಠತೆಗೆ ಸಾಕ್ಷಿಯಾಗಿ ಮುಂದಿಡುತ್ತಾರೆ.

ಅವರು ಆರಿಸಿಕೊಂಡಿರುವ ಎಂಜಿನ್ ‘ವೈಪಿ’. ಇದರಲ್ಲಿ ‘ವೈ’ ಮೀಟರ್ ಗೇಜನ್ನೂ ‘ಪಿ’ ಪ್ರಯಾಣಿಕರ ಗಾಡಿಯನ್ನೂ ಸೂಚಿಸುತ್ತವೆ. ಸರಕಿನ ಗಾಡಿ ಎಳೆಯುವ ಇದರ ಒಡಹುಟ್ಟು ‘ವೈಜಿ’. ವೈಪಿ 4-6-2 ಜೋಡಣೆಯ ಎಂಜಿನ್, ಎಂದರೆ ಮುಂದೆ ದಾರಿ ಹಿಡಿಯುವ ನಾಲ್ಕು ಸಣ್ಣ ಗಾಲಿಗಳು, ನಡುವೆ ಎಳೆಯುವ ಆರು ದೊಡ್ಡ ಗಾಲಿಗಳು, ಹಿಂದೆ ಬೆಂಕಿಯ ಗೂಡಿನ ಭಾರ ಹೊರುವ ಎರಡು ಗಾಲಿಗಳು. ದೊಡ್ಡ ಗಾಲಿಯ ವ್ಯಾಸ 1372 ಮಿಲಿಮೀಟರ್, ರಟ್ಟಿನಲ್ಲಿ 55ಕ್ಕೆ ಕೂದಲೆಳೆಯಷ್ಟು ಕಡಿಮೆ. ಆ ಕೂದಲೆಳೆಯ ವಿಷಯದಲ್ಲಿ ಮಾಸ್ತರರು ಯಾರೊಂದಿಗೂ ರಾಜಿಯಾಗುವುದಿಲ್ಲ. ಮಗಳ ಮದುವೆಯ ಮಾತುಕತೆಯಲ್ಲಿ ಅಷ್ಟು ಬಿಗಿಯಾಗಿದ್ದಿದ್ದರೆ ಲಗ್ನ ಮುರಿದು ಬೀಳುತ್ತಿತ್ತೆಂದು ಮನೆಯವರು ಹೇಳುತ್ತಾರೆ.

ಸಾಮಗ್ರಿಯ ಸಂಗ್ರಹದಲ್ಲಿ ಈ ವರ್ಗದ ಸಾಮಾಜಿಕ ಪ್ರತಿಭೆ ಪೂರ್ಣವಾಗಿ ಬೆಳಗುತ್ತದೆ. ಎಂಜಿನ್ನಿನ ಒಳಗಿನ ಅಸ್ಥಿಪಂಜರಕ್ಕೆ ಒಂದು ಮಿಲಿಮೀಟರ್ ದಪ್ಪದ ರಟ್ಟು ಬೇಕಾಗುತ್ತದೆ, ಅದು ಹಳೆಯ ಲೆಕ್ಕದ ಪುಸ್ತಕಗಳ ಹೊದಿಕೆಯಿಂದ ಬರುತ್ತದೆ. ಹೊರಮೈಗೆ ಬೇಕಾದ ತೆಳುವಾದ ಗಟ್ಟಿ ಕಾಗದ ಬರುವುದು ಮಾತ್ರ ಲಗ್ನಪತ್ರಿಕೆಗಳಿಂದ. ಬಸವ ಜಯಂತಿಯ ಸುಮಾರಿನಲ್ಲಿ ಮನೆಬಾಗಿಲಿಗೆ ಬಂದು ಅರಿಶಿನ ಹಚ್ಚಿದ ಪತ್ರಿಕೆ ಕೊಡುವ ನೆಂಟರು, ಮಾಸ್ತರರು ಅದನ್ನು ಎರಡೂ ಕೈಯಿಂದ ಪಡೆದು, ಬೆರಳುಗಳ ನಡುವೆ ಮೆಲ್ಲಗೆ ಬಾಗಿಸಿ, ಬೆಳಕಿಗೆ ಹಿಡಿದು ನೋಡುವ ಭಕ್ತಿಯನ್ನು ಕಂಡು ಸಂತೋಷಪಡುತ್ತಾರೆ. ನಿಜದಲ್ಲಿ ಅವರು ಪರೀಕ್ಷಿಸುತ್ತಿರುವುದು ಕಾಗದದ ನಾರಿನ ದಿಕ್ಕನ್ನು. ಪ್ರತಿಯೊಂದು ಕಾಗದದಲ್ಲಿಯೂ ನಾರು ಒಂದೇ ಕಡೆಗೆ ಮಲಗಿರುತ್ತದೆ, ಅದರ ಗುಂಟ ಸುತ್ತಿದರೆ ಕಾಗದ ಸಲೀಸಾಗಿ ಕೊಳವೆಯಾಗುತ್ತದೆ, ಅದಕ್ಕೆ ಅಡ್ಡವಾಗಿ ಸುತ್ತಿದರೆ ಮುರಿದು ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ಕಿನ ಹೊಳಪು ಹಚ್ಚಿದ ಪತ್ರಿಕೆಗೆ ಅಂಟು ಹಿಡಿಯದ ಕಾರಣ ಅಂಥ ಪತ್ರಿಕೆ ಹಂಚುವ ಮನೆತನದ ಬಗ್ಗೆ ಅವರಿಗೆ ಒಳಗೊಳಗೇ ಅಸಮಾಧಾನವಿರುತ್ತದೆ, ಮುಯ್ಯಿಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. “ನಿಮ್ಮ ಎಂಜಿನ್ ಮುಗಿಯೂದ್ರಾಗ ಮೊಮ್ಮಕ್ಕಳ ಲಗ್ನ ಬರತಾವ್ರೀ” ಎಂಬ ಗೃಹಿಣಿಯ ಮಾತಿಗೆ ಈ ವರ್ಗದ ಗೃಹಸ್ಥರು ಕೊಡುವ ಉತ್ತರ “ಬರಲಿ ಬಿಡು, ಪತ್ರಿಕೆನರ ಸಿಗತಾವ” ಎಂಬುದಾಗಿದೆ.

ಅಡುಗೆಮನೆಯೊಂದಿಗೆ ಇವರಿಗಿರುವ ಗಡಿವಿವಾದ ಇದಕ್ಕಿಂತ ಹಳೆಯದು. ಎಂಜಿನ್ನಿನ ಬಾಯ್ಲರ್, ಅಂದರೆ ನೀರು ಕುದಿದು ಉಗಿಯಾಗುವ ಉದ್ದನೆಯ ಕೊಳವೆ, ದುಂಡಗೆ ಬರಬೇಕಾದರೆ ಕಾಗದವನ್ನು ಅಂಟಿಸುವ ಮೊದಲೇ ದುಂಡನೆಯ ಕೋಲಿನ ಮೇಲೆ ಉರುಳಿಸಿ ಅದಕ್ಕೆ ಬಾಗುವ ಬುದ್ಧಿ ಕಲಿಸಬೇಕಾಗುತ್ತದೆ. ಈ ಕೆಲಸಕ್ಕೆ ಲಟ್ಟಣಿಗೆಗಿಂತ ಮಿಗಿಲಾದ ಉಪಕರಣ ಇನ್ನೂ ಹುಟ್ಟಿಲ್ಲ. ಮನೆಗೆ ಬೀಗರು ಬಂದು ಚಪಾತಿ ಮಾಡಬೇಕಾದ ಹೊತ್ತಿಗೇ ಬಾಯ್ಲರ್ ಅದರ ಮೇಲೆ ಒಣಗುತ್ತಿರುತ್ತದೆ. ಜೋಳದ ರೊಟ್ಟಿಯನ್ನು ಕೈಯಿಂದಲೇ ಬಡಿಯುವ ನಾಡಿನಲ್ಲಿ ಈ ಹವ್ಯಾಸ ಇಷ್ಟುಕಾಲ ಬಾಳಿದ್ದಕ್ಕೆ ರೊಟ್ಟಿಯೇ ಕಾರಣವಿರಬೇಕು. ದಿನವೂ ಚಪಾತಿಯೇ ಆಗುವ ಊರಿನಲ್ಲಿ ಮೊದಲ ವಾರವೇ ಇದು ಕೊನೆಗಾಣುತ್ತಿತ್ತು.

ಗಾಲಿಗಳ ಹೊರಗೆ ಕಾಣುವ ಸರಳುಗಳ ಜಾಲ ಮಾಸ್ತರರ ಬದುಕಿನ ಅತ್ಯಂತ ದೀರ್ಘವಾದ ಅಧ್ಯಾಯ. ಬೆಲ್ಜಿಯಂ ದೇಶದ ಎಜಿದ್ ವಾಲ್ಷಾರ್ಟ್ಸ್ 1844ರಲ್ಲಿ ರೂಪಿಸಿದ ಈ ಏರ್ಪಾಡು, ಉಗಿಯು ಸಿಲಿಂಡರಿನೊಳಗೆ ಯಾವ ಕಡೆಯಿಂದ, ಯಾವ ಗಳಿಗೆಗೆ, ಎಷ್ಟು ಹೊತ್ತು ನುಗ್ಗಬೇಕೆಂಬುದನ್ನು ನಿರ್ಧರಿಸುತ್ತದೆ; ಚಾಲಕನು ಮುಂದೆ ಹೋಗುತ್ತಿರುವ ಗಾಡಿಯನ್ನು ನಿಲ್ಲಿಸಿ ಹಿಂದಕ್ಕೆ ತರುವುದೂ, ಏರಿನಲ್ಲಿ ಉಗಿಯನ್ನು ಹೆಚ್ಚು ಬಿಟ್ಟು ಸಮತಟ್ಟಿನಲ್ಲಿ ಉಳಿಸುವುದೂ ಇದರಿಂದಲೇ. ಲೋಹದಲ್ಲಿ ಇದು ಒಂದು ಯಂತ್ರ, ರಟ್ಟಿನಲ್ಲಿ ಇದು ಒಂದು ವ್ರತ. ಲಗ್ನಪತ್ರಿಕೆಯ ನಾಲ್ಕು ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಭಾರದ ಕೆಳಗೆ ರಾತ್ರಿಯಿಡೀ ಒಣಗಿಸಿ, ಬ್ಲೇಡಿನಿಂದ ಕಡಿದು, ಬಿಳಿಯ ಅಂಚು ಕಾಣದಂತೆ ಬಣ್ಣ ಹಚ್ಚಿ, ಕೀಲುಗಳನ್ನು ಕೂಡಿಸಿದ ಮೇಲೆ ಗಾಲಿ ತಿರುಗಿದರೆ ಸರಳುಗಳೆಲ್ಲ ನಿಜವಾಗಿಯೇ ಆಡಬೇಕು. ಮಾಸ್ತರರು ಅದನ್ನು ಆಡಿಸಿಯೂ ತೋರಿಸುತ್ತಾರೆ, ಆದರೆ ಎಡಗಡೆಯದನ್ನು ಮಾತ್ರ. ಬಲಗಡೆಯ ಗಾಲಿ ಎಡಗಡೆಯದಕ್ಕಿಂತ ಕಾಲು ಸುತ್ತು ಮುಂದಿರಬೇಕೋ ಹಿಂದಿರಬೇಕೋ ಎಂಬ ಪ್ರಶ್ನೆ ಇತ್ಯರ್ಥವಾಗದ ಕಾರಣ ಆ ಮಗ್ಗುಲು ಸದಾ ಗೋಡೆಯ ಕಡೆಗಿರುತ್ತದೆ.

ಇಂಥವರಿಂದ ಹೆಚ್ಚು ಸಂಕಟಪಡುವವರು ಝೆರಾಕ್ಸ್ ಅಂಗಡಿಯ ಹುಡುಗರು. ಹಾಳೆಯ ಅಂಚಿಗೆ ಹೊಂದುವಂತೆ ಯಂತ್ರವು ನಕ್ಷೆಯನ್ನು ತಾನಾಗಿಯೇ ನೂರಕ್ಕೆ ಮೂರರಷ್ಟು ಕುಗ್ಗಿಸಿಬಿಟ್ಟರೆ, ಸುಮಾರು 19 ಮೀಟರ್ ಉದ್ದದ ನಿಜ ಎಂಜಿನ್ನಿನ 76 ಸೆಂಟಿಮೀಟರಿನ ಪ್ರತಿರೂಪ ಎರಡು ಸೆಂಟಿಮೀಟರಿಗಿಂತ ಹೆಚ್ಚು ಮೋಟಾಗುತ್ತದೆ. “ಕಣ್ಣಿಗೆ ಕಾಣಂಗಿಲ್ಲ ಬಿಡ್ರಿ ಸರ” ಎಂಬ ಹುಡುಗನ ಸಾಂತ್ವನಕ್ಕೆ ಮಾಸ್ತರರು ಅಳತೆಪಟ್ಟಿಯಿಂದಲೇ ಉತ್ತರ ಕೊಡುತ್ತಾರೆ, ಆ ಹೊತ್ತಿಗೆ ಆಧಾರ್ ಪ್ರತಿ ಮಾಡಿಸಲು ಬಂದವರ ಸಾಲು ರಸ್ತೆಗೆ ಇಳಿದಿರುತ್ತದೆ.

ಎಂಜಿನ್ನಿನ ಹಿಂದೆ ಕಲ್ಲಿದ್ದಲನ್ನೂ ನೀರನ್ನೂ ಹೊತ್ತು ಬರುವ ಬಂಡಿಗೆ ಟೆಂಡರ್ ಎಂದು ಹೆಸರು. ಅದರ ಮೇಲೆ ಯಾವ ರೈಲ್ವೆಯ ಹೆಸರು ಬರೆಯಬೇಕೆಂಬ ಪ್ರಶ್ನೆ ಎಲ್ಲ ವಿಳಂಬಗಳಿಗೂ ಮುಕುಟಪ್ರಾಯವಾದದ್ದು. ಸದರ್ನ್ ಮರಾಠಾ 1908ರಲ್ಲಿ ಮದರಾಸಿನ ಕಂಪನಿಯೊಂದಿಗೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. ಆ ಹೆಸರಿನಲ್ಲಿರುವ ಗಾಂಭೀರ್ಯ ಮಾಸ್ತರರಿಗೆ ಬಲು ಪ್ರಿಯ, ಆದರೆ ವೈಪಿ ಎಂಜಿನ್ನುಗಳು ಬರತೊಡಗಿದ್ದೇ 1949ರಿಂದ ಈಚೆಗೆ, ಆ ಹೆಸರಿನ ಕೊನೆಯ ದಿನಗಳಲ್ಲಿ. 1951ರಲ್ಲಿ ದಕ್ಷಿಣ ರೈಲ್ವೆ ಹುಟ್ಟಿತು; 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ ಹುಬ್ಬಳ್ಳಿ ವಿಭಾಗವು ಅದರ ಪಾಲಾಯಿತು; 2003ರಲ್ಲಿ ಹುಬ್ಬಳ್ಳಿಯೇ ಕೇಂದ್ರವಾಗಿ ನೈಋತ್ಯ ರೈಲ್ವೆ ಬಂದಾಗ ಉಗಿಯ ಕಾಲವೇ ಮುಗಿದಿತ್ತು. ದಕ್ಷಿಣ ರೈಲ್ವೆ ಎಂದು ಬರೆದರೆ ದೀಪದ ಆಕಾರ ಬದಲಿಸಬೇಕಾದೀತೆಂಬ ಶಂಕೆ, ದಕ್ಷಿಣ ಮಧ್ಯ ಎಂದು ಬರೆದರೆ ಬಾಲ್ಯದಲ್ಲಿ ಕಂಡ ಎಂಜಿನ್ ಅದಲ್ಲವೆಂಬ ಕೊರಗು. ಹೀಗಾಗಿ ಟೆಂಡರಿನ ಮಗ್ಗುಲು ಖಾಲಿಯಾಗಿಯೇ ಇದೆ, ಮೊಮ್ಮಗನೊಬ್ಬ ಅದರ ಮೇಲೆ ಸ್ಕೆಚ್ ಪೆನ್ನಿನಿಂದ ತನ್ನ ಹೆಸರು ಬರೆದು ಪ್ರಶ್ನೆಯನ್ನು ಒಮ್ಮೆ ಬಗೆಹರಿಸಿದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಬಾಲ್ಯದಲ್ಲಿ ಎಂಜಿನ್ ಕಂಡ ಭಾಗ್ಯ ಕೊಪ್ಪಳದವರದು ಮಾತ್ರ ಎಂಬುದನ್ನು ಇಲ್ಲಿ ಗಮನಿಸಬೇಕು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಯಲಬುರ್ಗಾದ ಮೂಲಕ ಕುಷ್ಟಗಿಗೆ ಬಂದದ್ದು, ಗದಗ–ವಾಡಿ ಮಾರ್ಗದ ತಳಕಲ್ ಕಡೆಯ ಭಾಗ ಸಿದ್ಧವಾದ ಮೇಲೆ, 2025ರಲ್ಲಿ. ಈ ಮೂರು ಊರುಗಳ ಹಳಿ ಉಗಿಯ ವಾಸನೆಯನ್ನೇ ಕಂಡಿಲ್ಲ. ಆದರೂ ಅಲ್ಲಿನ ಮಾಸ್ತರರ ಉತ್ಸಾಹ ಕೊಪ್ಪಳದವರಿಗಿಂತ ಒಂದು ಕೈ ಮಿಗಿಲು. ಗಂಗಾವತಿಯವರು ಉಗಿಯ ಶಾಸ್ತ್ರವನ್ನು ಕಲಿತದ್ದು ‘ಸ್ಟೀಮ್ ಅಕ್ಕಿ’ ಮಾಡುವ ಗಿರಣಿಯ ಬಾಯ್ಲರಿನಿಂದ, ಹಾಗಾಗಿ ಅವರ ಎಂಜಿನ್ನಿನ ಹೊಗೆಕೊಳವೆ ಕೊಂಚ ಎತ್ತರವಾಗಿಯೇ ಇರುತ್ತದೆ. ಕುಷ್ಟಗಿಯವರು ಬರಲಿರುವ ರೈಲಿನ ಸ್ವಾಗತಕ್ಕೆಂದು ಕಟ್ಟಲು ತೊಡಗಿದ್ದರು. ರೈಲೇ ಮೊದಲು ಬಂದು ಮುಟ್ಟಿತು. ಬ್ರಾಡ್ ಗೇಜಿನ ‘ಡಬ್ಲ್ಯೂಪಿ’ ಎಂಜಿನ್ನನ್ನು, ಅದರ ಗುಂಡನೆಯ ಉಬ್ಬುಮೂತಿಯೂ ಅದರ ಮೇಲಿನ ನಕ್ಷತ್ರವೂ ಚೆಂದವೆಂಬ ಒಂದೇ ಕಾರಣಕ್ಕೆ ಕಟ್ಟುವ ಯಲಬುರ್ಗಾದವರನ್ನು ಕೊಪ್ಪಳದವರು ಮಾತನಾಡಿಸುತ್ತಾರೆ, ಆದರೆ ರೈಲಿನ ಮಾತು ತೆಗೆಯುವುದಿಲ್ಲ.

ತಮ್ಮ ಕೆಲಸಕ್ಕೆ ಪರಂಪರೆಯೊಂದು ಬೇಕೆನಿಸಿದಾಗ ಇವರೆಲ್ಲರೂ ಕೊಪ್ಪಳದ ಸಮೀಪದ ಕಿನ್ನಾಳದ ಕಡೆಗೆ ಬೆರಳು ತೋರಿಸುತ್ತಾರೆ. ಅಲ್ಲಿನ ಚಿತ್ರಗಾರರು ಹಗುರವಾದ ಕಟ್ಟಿಗೆಯ ಗೊಂಬೆಗಳಿಗೆ ಸೆಣಬಿನ ಚಿಂದಿಯ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ವನ್ನು ಬಳಿದು, ಮೈ ನುಣುಪಾದ ಮೇಲೆ ಬಣ್ಣ ಹಚ್ಚುತ್ತಾರೆ, ಭೌಗೋಳಿಕ ಸೂಚಿಯ ಮಾನ್ಯತೆಯೂ ಈ ಕಲೆಗೆ ದೊರೆತಿದೆ. ಕಿಟ್ಟ ಹಚ್ಚಿದರೆ ಬಾಯ್ಲರಿನ ಅಂಟುಗೆರೆ ಮುಚ್ಚೀತೆಂಬ ಆಸೆಯಿಂದ ಹೋದ ಮಾಸ್ತರರಿಗೆ ಕಲಾವಿದರು ಕಿಟ್ಟವನ್ನೂ ಕೊಟ್ಟು ಸಲಹೆಯನ್ನೂ ಕೊಡುವುದುಂಟು: “ಬರೇ ಕರಿ ಯಾಕ್ರಿ ಮಾಸ್ತರ, ಕೆಂಪು ಹಸರು ಬಳದು ಒಂದು ಹೂಬಳ್ಳಿ ಎಳೀರಿ, ಜೀವ ಬರತೈತಿ.” ಗರುಡನಿಗೂ ನಂದಿಗೂ ಸಲ್ಲುವ ಈ ಮಾತು ವೈಪಿಗೆ ಸಲ್ಲದೆಂದು ವಿವರಿಸಲು ಮಾಸ್ತರರು ತೊಡಗಿದಾಗ ಮಧ್ಯಾಹ್ನದ ಬಸ್ಸು ತಪ್ಪುತ್ತದೆ.

ನೋಡಲು ಬಂದವರು ಒಗ್ಗರಣಿ–ಮಿರ್ಚಿ ತಿಂದ ಬೆರಳನ್ನು ಬಾಯ್ಲರಿನ ಮೇಲಿಟ್ಟು ಕೇಳುವ ಪ್ರಶ್ನೆ ನಾಲ್ಕೂ ಊರುಗಳಲ್ಲಿ ಒಂದೇ: “ಇದು ಓಡತೈತೇನ್ರಿ?” ಕಾಗದದೊಳಗೆ ಬೆಂಕಿ ಹಾಕಲಾಗದೆಂಬ ಉತ್ತರ ಕೇಳುವವನ ಮುಖದಲ್ಲಿ ಮೂಡಿಸುವ ಮರುಕವನ್ನು ತಪ್ಪಿಸಲು ಕೆಲವರು “ಇನ್ನೂ ಕೆಲಸ ಐತಿ” ಎಂದಷ್ಟೇ ಹೇಳುವುದನ್ನು ರೂಢಿಸಿಕೊಂಡಿದ್ದಾರೆ, ಅದು ಸುಳ್ಳೂ ಅಲ್ಲ.

ಇಂಥ ಎಂಜಿನ್ ಸಾರ್ವಜನಿಕರ ಮುಂದೆ ಬರುವ ಒಂದೇ ಸಂದರ್ಭ ಶಾಲೆಯ ವಸ್ತುಪ್ರದರ್ಶನ. ಕಾರ್ಯಕರ್ತರು ಅದನ್ನು ಮೊದಲು ‘ಕಸದಿಂದ ರಸ’ ವಿಭಾಗದಲ್ಲಿ, ಬಾಟಲಿಯ ಹೂದಾನಿಗಳ ನಡುವೆ ಇಡುತ್ತಾರೆ. ಮಾಸ್ತರರು ಪ್ರತಿಭಟಿಸಿದಾಗ ವಿಜ್ಞಾನದ ವಿಭಾಗಕ್ಕೆ ಒಯ್ಯುತ್ತಾರೆ. ಅಲ್ಲಿ ಓಡದ ವಸ್ತುವಿಗೆ ಅಂಕವಿಲ್ಲವೆಂದು ತೀರ್ಪುಗಾರರು ತಿಳಿಸಿದ ಮೇಲೆ ಅದು ಎರಡನೆಯ ತರಗತಿಯ ಮಕ್ಕಳು ಬೆಂಕಿಪೊಟ್ಟಣದಲ್ಲಿ ಮಾಡಿದ ಬಸ್ಸು, ವಿಮಾನಗಳ ಪಕ್ಕದಲ್ಲಿ ‘ಸಾರಿಗೆ ಸಂಪರ್ಕ’ ಎಂಬ ಫಲಕದ ಕೆಳಗೆ ನೆಲೆಯಾಗುತ್ತದೆ. ಇದಕ್ಕೆ ಮಾಸ್ತರರು ಒಪ್ಪಿಗೆ ಕೊಡುತ್ತಾರೆ, ಚೀಟಿಯಲ್ಲಿ ‘ಮೀಟರ್ ಗೇಜ್’ ಎಂದು ಸ್ಪಷ್ಟವಾಗಿ ಬರೆಯಬೇಕೆಂಬ ಮತ್ತು ಬಲಗಡೆಯು ಗೋಡೆಗೆ ಹತ್ತಿರುವಂತೆ ಮೇಜನ್ನು ಸರಿಸಬೇಕೆಂಬ ಎರಡು ಷರತ್ತುಗಳ ಮೇಲೆ.