ಕ್ರೆಡಿಟ್ ಗಂಟೆಯ ಮೀಮಾಂಸೆ

ಶಾಸ್ತ್ರ ಯಾವುದೇ ಇರಲಿ, ಅದರ ವಿಷಯವೇನು, ಪ್ರಯೋಜನವೇನು, ಓದಲು ಅಧಿಕಾರಿ ಯಾರು ಎಂಬುದನ್ನು ಮೊದಲೇ ಹೇಳಿಬಿಡುವುದು ಹಿರಿಯರ ಕ್ರಮ. ಈ ಗ್ರಂಥದ ವಿಷಯ, ನರ್ಸುಗಳ ನಿರಂತರ ಶಿಕ್ಷಣದ ಯೋಜನೆ. ಪ್ರಯೋಜನ, ನೋಂದಣಿಯ ನವೀಕರಣ. ಅಧಿಕಾರಿ, ನವೀಕರಣಕ್ಕೆ ಮೂರೇ ತಿಂಗಳಿದೆ ಎನ್ನುವಾಗ ಬೀರುವಿನಿಂದ ಫೈಲು ತೆಗೆದು, ಒಳಗಿನ ಸರ್ಟಿಫಿಕೇಟುಗಳನ್ನು ಎಣಿಸಿ, ಎದೆ ಧಸಕ್ಕೆಂದು ಕುಳಿತಿರುವ ಸಿಸ್ಟರು. ಐದು ವರ್ಷ ಮುಂಚಿತವಾಗಿ ಯೋಜನೆ ಹಾಕಿಕೊಂಡವರಿಗೆ ಇಲ್ಲಿ ಪ್ರವೇಶವಿಲ್ಲ. ಅಂಥವರು ಇದ್ದಾರೆ ಎಂಬುದಕ್ಕೆ ಶಾಸ್ತ್ರಾಧಾರವೂ ಇಲ್ಲ.

ಮೂಲವಾಕ್ಯ ಚಿಕ್ಕದು. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಐದು ವರ್ಷಕ್ಕೆ 150 ಗಂಟೆಯ ಶಿಕ್ಷಣ. ಅಂದರೆ ವರ್ಷಕ್ಕೆ 30, ತಿಂಗಳಿಗೆ ಎರಡೂವರೆ. ಗಣಿತ ಇಷ್ಟು ಸುಲಭ. ಆಚರಣೆಯಲ್ಲಿ ಮಾತ್ರ ಪಂಚವಾರ್ಷಿಕ ಯೋಜನೆ ಹೀಗೆ ಸಾಗುತ್ತದೆ: ಮೊದಲ ವರ್ಷ ಸಂಕಲ್ಪ, ಎರಡನೇ ವರ್ಷ ಮದುವೆ ಇಲ್ಲವೇ ವರ್ಗಾವಣೆ, ಮೂರನೇ ವರ್ಷ ಹೆರಿಗೆ ರಜೆ, ನಾಲ್ಕನೇ ವರ್ಷ ಆಸ್ಪತ್ರೆಯ ಮಾನ್ಯತೆಯ ತಪಾಸಣೆ, ಐದನೇ ವರ್ಷ ಓಟ. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸು ಎಂಬುದೂ ಅದೇ ಪರಿಷತ್ತಿನ ವಾಕ್ಯವೇ. ಅದಕ್ಕೆ ಭಾಷ್ಯ ಬರೆಯಲು ಆಡಳಿತ ಮಂಡಳಿಗಳಿಗೆ ಏಕೋ ಪುರಸೊತ್ತಾಗಿಲ್ಲ.

ಇನ್ನು ಪೂರ್ವಾಚಾರ್ಯರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯ ಮೇಲೆ ಅನುರಾಗ, ಶುಚಿತ್ವ. ಆ ಕಾಲದಲ್ಲಿ ಲ್ಯಾಮಿನೇಶನ್ ಇರಲಿಲ್ಲವಾದ್ದರಿಂದ ಸರ್ಟಿಫಿಕೇಟು ಜೋಪಾನ ಮಾಡುವ ಐದನೆಯ ಗುಣ ಚರಕರಿಗೆ ಹೊಳೆದಿರಲಾರದು. ಫ್ಲಾರೆನ್ಸ್ ನೈಟಿಂಗೇಲರದು ಇನ್ನೂ ಕಟ್ಟುನಿಟ್ಟು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆದ ಆಕೆ, 1872ರಲ್ಲಿ ಅಲ್ಲಿನ ನರ್ಸುಗಳಿಗೆ ಬರೆಯುತ್ತ, ವಾರ ವಾರವೂ ಮುಂದೆ ಹೋಗದವರು ಹಿಂದೆ ಹೋಗುತ್ತಿದ್ದಾರೆಂದೇ ಅರ್ಥ ಎಂಬ ಮಾತು ಹೇಳಿದರು. ವಾರದ ಲೆಕ್ಕ ನಮಗೆ ಒಗ್ಗಲಿಲ್ಲ, ಐದು ವರ್ಷದ ಲೆಕ್ಕ ಒಗ್ಗಿತು.

ಈಗ ಪ್ರಧಾನ ಸೂತ್ರ: ಕುಳಿತವರೇ ಕಲಿತವರು.

ಇದರ ಭಾಷ್ಯ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ನೈಟ್ ಡ್ಯೂಟಿ ಮಾಡಿ, ಮುಂದಿನ ಪಾಳಿಯವರಿಗೆ ಓವರ್ ಕೊಟ್ಟು, ಮುಖಕ್ಕೆ ನೀರು ಚಿಮುಕಿಸಿಕೊಂಡು ಒಂಬತ್ತಕ್ಕೆ ಸಭಾಂಗಣದ ರಿಜಿಸ್ಟರಿನಲ್ಲಿ ಸಹಿ ಹಾಕುವುದು ಪ್ರಥಮ ಕ್ರಿಯೆ. ಫಲ ಅಲ್ಲಿಗೇ ಮುಕ್ಕಾಲು ಪಾಲು ಸಿದ್ಧಿಸಿತು. ಪ್ರಾರ್ಥನೆ, ಸ್ವಾಗತ, ಫ್ಯಾನಿನ ಗಾಳಿಗೆ ಆರುವ ದೀಪವನ್ನು ಮತ್ತೆ ಮತ್ತೆ ಬೆಳಗುವುದು, ಗಣ್ಯರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಉಪನ್ಯಾಸ ಶುರುವಾಗುವಾಗ ಹನ್ನೊಂದೂಕಾಲು. ವಿಷಯ, ವಿಶ್ವ ಆರೋಗ್ಯ ಸಂಸ್ಥೆ ಹೇಳಿದ, ಕೈ ಶುಚಿಗೊಳಿಸಿಕೊಳ್ಳಲೇಬೇಕಾದ ಐದು ಸಂದರ್ಭಗಳು. ಊಟಕ್ಕೆ ಎದ್ದು ಹೋದರೆ ನಲ್ಲಿಯಲ್ಲಿ ನೀರಿಲ್ಲ.

ಕುಳಿತವರ ಅವಸ್ಥೆಗಳು ನಾಲ್ಕು ಎಂದು ವೇದಾಂತಿಗಳಿಂದ ಎರವಲು ಪಡೆದು ಹೇಳಬಹುದು. ಮುಂದಿನ ಸಾಲಿನವರದು ಜಾಗ್ರತ್. ಎದುರಿಗೇ ಪ್ರಿನ್ಸಿಪಾಲರು ಕುಳಿತಿರುವುದೇ ಅದಕ್ಕೆ ಕಾರಣ. ನಡುವಿನ ಸಾಲಿನವರದು ಸ್ವಪ್ನ: ಕಣ್ಣು ತೆರೆದೇ ಇರುತ್ತದೆ, ಮನಸ್ಸು ಮಗುವಿನ ಸ್ಕೂಲ್ ಫೀಸಿನಲ್ಲಿ. ನೈಟ್ ಮುಗಿಸಿ ಬಂದವರದು ಸುಷುಪ್ತಿ. ಅಲ್ಲಿ ಉಪನ್ಯಾಸಕನೂ ಇಲ್ಲ, ಪ್ರೊಜೆಕ್ಟರೂ ಇಲ್ಲ, ಭೇದವೆಲ್ಲ ಲಯ. ನಾಲ್ಕನೆಯದಾದ ತುರೀಯ ಕೋವಿಡ್ ಕಾಲದಿಂದ ಈಚೆಗೆ ಜನಸಾಮಾನ್ಯರಿಗೂ ಎಟುಕಿತು. ಮೊಬೈಲಿನಲ್ಲಿ ವೆಬಿನಾರ್ ತೆರೆದು, ಮೈಕು ಕ್ಯಾಮೆರಾ ಎರಡನ್ನೂ ಆರಿಸಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು ಹುಳಿಗೆ ಒಗ್ಗರಣೆ ಹಾಕುವ ಸಿಸ್ಟರು ಸಭೆಯಲ್ಲಿ ಇದ್ದಾರೆನ್ನಲೂ ಬಾರದು, ಇಲ್ಲವೆನ್ನಲೂ ಬಾರದು. ಕೊನೆಗೆ ಫೀಡ್‌ಬ್ಯಾಕ್ ಫಾರಂ ಬರುತ್ತದೆ. ಉಪನ್ಯಾಸ ಹೇಗಿತ್ತು? ಅತ್ಯುತ್ತಮ, ಬಹಳ ಚೆನ್ನಾಗಿತ್ತು, ಚೆನ್ನಾಗಿತ್ತು. ನಾಲ್ಕನೆಯ ಉತ್ತರಕ್ಕೆ ಅಲ್ಲಿ ಜಾಗವೇ ಇಲ್ಲ. ಒತ್ತಿದ ಮರುಕ್ಷಣ ಸರ್ಟಿಫಿಕೇಟು.

ಸೂತ್ರಕ್ಕೆ ಅಪವಾದ ಒಂದುಂಟು, ಜೀವರಕ್ಷಣೆಯ ಬಿಎಲ್‌ಎಸ್ ತರಬೇತಿ. ಅಲ್ಲಿ ಕುಳಿತರೆ ನಡೆಯದು. ಬೊಂಬೆಯ ಪಕ್ಕ ಮಂಡಿಯೂರಿ ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು, ಪ್ರತಿ ಸಲವೂ ಕನಿಷ್ಠ ಐದು ಸೆಂಟಿಮೀಟರಿನಷ್ಟು ಇಳಿಯಬೇಕು. ಇಂಥ ಕಡೆ ನಿದ್ದೆ ಬಂದ ಉದಾಹರಣೆ ಯಾವ ಭಾಷ್ಯದಲ್ಲೂ ಇಲ್ಲ. ಆದರೆ ಬೊಂಬೆಗೆ, ಕಲಿಸುವವರಿಗೆ ದುಡ್ಡು ಬೇಕು. ದೀಪಕ್ಕಾದರೆ ಎಣ್ಣೆ ಸಾಕು.

ಇಲ್ಲಿ ಪೂರ್ವಪಕ್ಷಿ ಎದ್ದು ಆಕ್ಷೇಪಿಸುತ್ತಾನೆ: ಅಯ್ಯಾ, ನರ್ಸು ಕಲಿಯುವುದು ವಾರ್ಡಿನಲ್ಲಲ್ಲವೇ? ದೃಷ್ಟಾಂತವನ್ನೂ ಕೊಡುತ್ತಾನೆ. ಬೆಳಗ್ಗೆ ಏಳು ಗಂಟೆ, ಓವರ್ ಕೊಡಲು ಇನ್ನೊಂದೇ ಗಂಟೆ. ಹೊಸದಾಗಿ ಸೇರಿದ ಹುಡುಗಿ ಇನ್ಸುಲಿನ್ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜು ಚುಚ್ಚಿದ್ದಾಳೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರು ತಡೆಯುತ್ತಾರೆ.

"ತಡಿಯಮ್ಮಾ. ಬಾಟ್ಲಿ ಮೇಲೆ ಏನ್ ಬರ್ದಿದೆ ಓದು."

"ನಲವತ್ತು, ಸಿಸ್ಟರ್."

"ನಿನ್ ಕೈಲಿರೋದು ನೂರರದ್ದು. ಕೆಂಪು ಮುಚ್ಚಳದ್ದು ತಗೋ."

ನಲವತ್ತು, ನೂರು ಎಂಬುದು ಮಿಲಿಲೀಟರಿಗೆ ಎಷ್ಟು ಯೂನಿಟ್ಟು ಎಂಬ ಲೆಕ್ಕ. ಆ ಕಿತ್ತಳೆ ಸಿರಿಂಜಿನಲ್ಲಿ ಹತ್ತು ಗೀಟು ಎಳೆದಿದ್ದರೆ ರೋಗಿಗೆ ಹೋಗುತ್ತಿದ್ದದ್ದು ನಾಲ್ಕೇ ಯೂನಿಟ್ಟು. ತಿರುಗಾಮುರುಗಾ ಆಗಿ, ನೂರರ ಇನ್ಸುಲಿನ್ನನ್ನು ನಲವತ್ತರ ಸಿರಿಂಜಿನಲ್ಲಿ ಎಳೆದಿದ್ದರೆ ಇಪ್ಪತ್ತೈದು, ಸಕ್ಕರೆ ಕುಸಿದು ರೋಗಿ ಬೆವರಿ ಪ್ರಜ್ಞೆ ತಪ್ಪಲು ಸಾಕು. ಹುಡುಗಿ ಇದನ್ನು ಜನ್ಮದಲ್ಲಿ ಮರೆಯುವುದಿಲ್ಲ ಎನ್ನುತ್ತಾನೆ ಪೂರ್ವಪಕ್ಷಿ.

ಸಿದ್ಧಾಂತಿಯ ಸಮಾಧಾನ: ದೃಷ್ಟಾಂತ ಚೆನ್ನಾಗಿದೆ, ಆದರೆ ಅಲ್ಲಿ ಬ್ಯಾನರ್ ಇತ್ತೇ? ಅತಿಥಿ ಇದ್ದರೇ? ಗ್ರೂಪ್ ಫೋಟೋ ತೆಗೆದರೇ? ಇಲ್ಲವಾದ್ದರಿಂದ ಕ್ರೆಡಿಟ್ ಸೊನ್ನೆ. ಕಲಿಸಿದ ಇನ್‌ಚಾರ್ಜಿಗೂ ಸೊನ್ನೆ.

ಬ್ರಿಟನ್ನಿಗೆ ಹೋಗಿ ದುಡಿಯುತ್ತಿರುವ ನಮ್ಮ ಕನ್ನಡದ ನರ್ಸುಗಳು ಬೇರೊಂದು ಶಾಖೆಯವರು. ಅಲ್ಲಿ 2016ರಿಂದ ಮೂರು ವರ್ಷಕ್ಕೊಮ್ಮೆ 35 ಗಂಟೆಯ ಲೆಕ್ಕ ಕೊಡಬೇಕು. ಅದರಲ್ಲಿ 20 ಗಂಟೆ ಇತರರೊಡನೆ ಬೆರೆತು ಕಲಿತದ್ದಾಗಿರಬೇಕು. ಮೇಲೆ ಐದು ಟಿಪ್ಪಣಿ: ಏನು ನಡೆಯಿತು, ಅದರಿಂದ ಏನು ಕಲಿತೆ, ನನ್ನ ಕೆಲಸದಲ್ಲಿ ಏನು ಬದಲಿಸಿಕೊಂಡೆ. ಇನ್ಸುಲಿನ್ ಬಾಟಲಿಯ ಪ್ರಸಂಗ ಆ ಐದರಲ್ಲಿ ಒಂದಾಗಿ ಸಲೀಸಾಗಿ ಕೂರುತ್ತದೆ. ಟಿಪ್ಪಣಿಯನ್ನೂ ಪಕ್ಕದವರಿಂದ ನಕಲು ಮಾಡಬಹುದು, ನಿಜ. ಆದರೂ ನಕಲು ಮಾಡುವಾಗ ಒಮ್ಮೆಯಾದರೂ ಓದಲೇಬೇಕಲ್ಲ!

ಕೊನೆಯದಾಗಿ ಫಲಶ್ರುತಿ. ಈ ಗ್ರಂಥವನ್ನು ನರ್ಸಿಂಗ್ ಸೂಪರಿಂಟೆಂಡೆಂಟರು ಓದುತ್ತಿದ್ದರೆ ಅವರಲ್ಲಿ ಒಂದು ಬಿನ್ನಹವೂ ಇದೆ: ತಿಂಗಳಿಗೆ ಎರಡೂವರೆ ಗಂಟೆ ಡ್ಯೂಟಿ ಚಾರ್ಟಿನಲ್ಲೇ ಬರೆದಿಡಿ, ನೈಟ್ ಮುಗಿಸಿದವರನ್ನು ಅದೇ ಬೆಳಗ್ಗೆ ಸೆಮಿನಾರಿಗೆ ಅಟ್ಟಬೇಡಿ, ವಾರ್ಡಿನಲ್ಲಿ ಏನು ತಪ್ಪುತ್ತಿದೆ ಎಂದು ಇನ್‌ಚಾರ್ಜನ್ನು ಕೇಳಿ ಆಮೇಲೆ ವಿಷಯ ಆರಿಸಿ. ಉಳಿದ ಸಿಸ್ಟರುಗಳು ಇದನ್ನು ಓದಿದ್ದಕ್ಕೆ ಪುಣ್ಯ ಬಂದರೂ ಬಂದೀತು, ಕ್ರೆಡಿಟ್ ಗಂಟೆ ಬರುವುದಿಲ್ಲ. ಈ ಪ್ರಬಂಧಕ್ಕೆ ಪರಿಷತ್ತಿನ ಮಾನ್ಯತೆ ಸಿಕ್ಕಿಲ್ಲ.