ಖಾಲಿ ಅದ ಬಿಡ್ರಿ

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ತೊಗರಿ ಹೊಲಗಳ ನಡುವಿನ ಊರುಗಳಲ್ಲಿಯೂ, ವಾಡಿ, ಶಹಾಬಾದಗಳಂಥ ಕಲ್ಲು ಮತ್ತು ಸಿಮೆಂಟಿನ ಪಟ್ಟಣಗಳ ಅಂಚಿನಲ್ಲಿಯೂ, ಮನೆತನದ ಬಂದೂಕೊಂದನ್ನು ಪಡಸಾಲೆಯ ಗೋಡೆಗೆ ತೂಗುಹಾಕಿ, ಅದರ ಬಲದಿಂದಲೇ ತನ್ನ ನಡಿಗೆ, ಮೀಸೆ ಮತ್ತು ಮಾತಿನ ಧಾಟಿಗಳನ್ನು ರೂಢಿಸಿಕೊಂಡ ಗೃಹಸ್ಥನೊಬ್ಬನು ಕಾಣಸಿಗುತ್ತಾನೆ. ಆತನನ್ನು ಈ ಬರಹದಲ್ಲಿ ಅನುಕೂಲಕ್ಕಾಗಿ ‘ಬಂದೂಕಿನ ಧಣಿ’ ಎಂದು ಕರೆಯಲಾಗಿದೆ. ನಿಜಾಮರ ಆಡಳಿತದ ಕಾಲದಲ್ಲಿ, ಎಂದರೆ 1948ರ ಸೆಪ್ಟೆಂಬರ್‌ವರೆಗೆ, ಇಲ್ಲಿನ ಹಳ್ಳಿಗಳಲ್ಲಿ ಕಂದಾಯ ವಸೂಲಿಗೆ ಮಾಲಿಪಾಟೀಲನೂ ಕಾವಲು ಮತ್ತು ತಂಟೆ ತಕರಾರುಗಳಿಗೆ ಪೊಲೀಸ್ ಪಾಟೀಲನೂ ಇರುತ್ತಿದ್ದರು. ಆ ಹುದ್ದೆಗಳು ಹೋಗಿ ಅಡ್ಡಹೆಸರುಗಳಷ್ಟೇ ಉಳಿದಂತೆ, ಗದ್ದುಗೆ ಹೋದ ಕೆಲವು ಮನೆಗಳಲ್ಲಿ ಬಂದೂಕು ಮಾತ್ರ ಉಳಿಯಿತು. ಧಣಿಯ ವಂಶಾವಳಿಯು ಅಲ್ಲಿಂದ ಆರಂಭವಾಗುತ್ತದೆ.

ಆತನ ಬಂದೂಕು ಸಾಮಾನ್ಯವಾಗಿ 12 ಬೋರಿನ ಜೋಡುನಳಿಗೆಯದು. ಒಂದು ಪೌಂಡು ಸೀಸವನ್ನು ಕರಗಿಸಿ ಸಮ ಗಾತ್ರದ 12 ಗುಂಡುಗಳನ್ನು ಎರಕ ಹೊಯ್ದರೆ, ಅಂಥ ಒಂದು ಗುಂಡು ಹಿಡಿಸುವಷ್ಟು ಅಗಲದ ನಳಿಗೆಗೆ 12 ಬೋರ್ ಎನ್ನುತ್ತಾರೆ. ಆದ್ದರಿಂದ ಅಂಕಿ ಹೆಚ್ಚಿದಂತೆ ನಳಿಗೆ ಸಣ್ಣದಾಗುತ್ತದೆ. ಈ ಲೆಕ್ಕವನ್ನು ತಿಳಿಯದ ಧಣಿಯು 16 ಬೋರಿನ ಒಡೆಯನೆದುರು ತುಸು ಕುಗ್ಗುವುದೂ, ಬಲ್ಲ ಧಣಿಯು ಅದೇ ಲೆಕ್ಕವನ್ನು ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಆರುವವರೆಗೆ ವಿವರಿಸುವುದೂ ಉಂಟು. ಬಂದೂಕನ್ನು ಕೊನೆಯ ಸಲ ಹಾರಿಸಿದವನು ಆತನ ಮುತ್ಯಾ, ಎಂದರೆ ಅಜ್ಜ. ಆಮೇಲಿನದೆಲ್ಲ ಪೂಜೆ: ಮಹಾನವಮಿಯ ಆಯುಧಪೂಜೆಯಲ್ಲಿ ಅದರ ಎರಡೂ ಬಾಯಿಗಳಿಗೆ ಚೆಂಡುಹೂವು ಸಿಕ್ಕಿಸಿ ಹಿಡಿಗೆ ವಿಭೂತಿ ಹಚ್ಚಲಾಗುತ್ತದೆ, ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಲ್ಲಿಸಿ ಚಿತ್ರ ತೆಗೆಯಲಾಗುತ್ತದೆ. ಚಿತ್ರ ತೆಗೆಯುವವನ ಎದೆಗೆ ನಳಿಗೆ ನೇರವಾಗಿದೆಯೆಂದು ಯಾರಾದರೂ ನೆನಪಿಸಿದರೆ ಧಣಿಯು ಮೂರು ಪದಗಳಲ್ಲಿ ಸಮಾಧಾನ ಹೇಳುತ್ತಾನೆ: “ಖಾಲಿ ಅದ ಬಿಡ್ರಿ.” ಆತನ ಶಸ್ತ್ರಶಾಸ್ತ್ರವೆಲ್ಲ ಈ ಮೂರು ಪದಗಳಲ್ಲಿ ಅಡಗಿದೆ.

ಬಂದೂಕಿನ ಬಾಳಿನಲ್ಲಿ ಪೂಜೆಯನ್ನು ಬಿಟ್ಟರೆ ಇರುವುದು ಪ್ರವಾಸ. ಚುನಾವಣೆಯ ನೀತಿಸಂಹಿತೆ ಜಾರಿಯಾದೊಡನೆ ಪರವಾನಗಿಯ ಶಸ್ತ್ರಗಳನ್ನು ಠಾಣೆಗಳಲ್ಲಿ ಜಮಾ ಮಾಡಬೇಕೆಂದು ಜಿಲ್ಲಾಡಳಿತಗಳು ಆದೇಶ ಹೊರಡಿಸುವುದು ವಾಡಿಕೆಯಾದ್ದರಿಂದ, 2023ರ ವಿಧಾನಸಭೆ ಮತ್ತು 2024ರ ಲೋಕಸಭೆಗಳಂಥ ಸಂದರ್ಭಗಳಲ್ಲಿ ಅದು ಹೊಸ ಸೊಸೆಯಂತೆ ಬಟ್ಟೆ ಸುತ್ತಿಕೊಂಡು ಠಾಣೆಯೆಂಬ ತವರಿಗೆ ಹೋಗಿ, ಫಲಿತಾಂಶ ಬಂದು ದಿನಗಳು ಕಳೆದ ಮೇಲೆ ಹಿಂದಿರುಗುತ್ತದೆ. ಜಮೆಯ ರಸೀದಿಯನ್ನು ಧಣಿಯು ಅಂಗಿಯ ಮೇಲ್ಜೇಬಿನಲ್ಲಿ, ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಳ್ಳುತ್ತಾನೆ. ಗೋಡೆಯ ಮೇಲಿದ್ದಾಗ ಮನೆಗೆ ಬಂದವರಿಗಷ್ಟೇ ಕಾಣುತ್ತಿದ್ದ ಬಂದೂಕು, ರಸೀದಿಯಾದಾಗ ಸಂತೆಗೆಲ್ಲ ಕಾಣುತ್ತದೆ.

ಇಷ್ಟೊಂದು ನಿರುಪದ್ರವಿಯಾದ ವ್ಯಕ್ತಿಯನ್ನು ಗುಂಡು ಹಾರಿಸುವ ಮೈದಾನಕ್ಕೆ ಎಳೆದು ತಂದದ್ದು ಕಾನೂನು. 1959ರ ಆಯುಧ ಕಾಯ್ದೆಯಡಿ ರಚಿತವಾದ 2016ರ ಆಯುಧ ನಿಯಮಗಳ ಪ್ರಕಾರ, ಪರವಾನಗಿದಾರನು ತೀರಿಕೊಂಡಾಗ, ಅಥವಾ ಆತನಿಗೆ 70 ವರ್ಷ ತುಂಬಿದಾಗ ಇಲ್ಲವೆ ಬಂದೂಕು ಆತನ ಬಳಿ 25 ವರ್ಷ ಇದ್ದಾಗ, ವಾರಸುದಾರನು ತನ್ನ ಹೆಸರಿಗೆ ಪರವಾನಗಿ ಕೇಳಬಹುದು. ಆದರೆ ಹೊಸ ಪರವಾನಗಿಯನ್ನು ಬೇಡುವವನು ಶಸ್ತ್ರವನ್ನು ಸುರಕ್ಷಿತವಾಗಿ ಹಿಡಿಯುವ, ಒಯ್ಯುವ, ಇರಿಸುವ ತರಬೇತಿಯನ್ನು ಪಡೆದಿರಬೇಕು. ಹೊಲವಾದರೆ ಪಹಣಿಯಲ್ಲಿ ಹೆಸರು ಬದಲಾದರೆ ಸಾಕು, ಬಿತ್ತಲು ಬರುತ್ತದೆಯೇ ಎಂದು ಯಾರೂ ಪರೀಕ್ಷಿಸುವುದಿಲ್ಲ. ಬಂದೂಕಿಗೆ ಮಾತ್ರ ಈ ನಿರ್ಬಂಧವೇಕೆಂಬುದು ಧಣಿಗೆ ಕೊನೆಯವರೆಗೂ ಅರ್ಥವಾಗದ ಅನ್ಯಾಯ. ಇದೇ ರಾಜ್ಯದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿಯಿದ್ದು, ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿದೆಯೆಂಬ ಸುದ್ದಿಯು ಆತನ ಅಸಮಾಧಾನಕ್ಕೆ ತುಪ್ಪ ಸುರಿದಿದೆ. ಆದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕನ್ನು ಪೂಜಿಸಿದ ಕೊಡವರು ಅದನ್ನು ಕೆಳಗಿಳಿಸಿ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುತ್ತಾರೆ, ಸೇಡಂ ಸೀಮೆಯ ಧಣಿಯು ತೆಂಗಿನಕಾಯಿಯನ್ನು ಬಂದೂಕಿನ ಮುಂದೆ ಒಡೆಯುತ್ತಾನೆ. ಎರಡು ಸಂಸ್ಕೃತಿಗಳ ವ್ಯತ್ಯಾಸಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯು ‘ನಾಗರಿಕ ಬಂದೂಕು ತರಬೇತಿ’ ಎಂಬ ಶಿಬಿರವನ್ನು ನಡೆಸುವುದುಂಟು. ಗುಂಡು ಹಾರಿಸಲು ಮೀಸಲಾದ ಮೈದಾನವನ್ನು ಉರ್ದು ಬೆರೆತ ಈ ಸೀಮೆಯ ಹಿರಿಯರು ಚಾಂದಮಾರಿ ಎನ್ನುತ್ತಾರೆ. ‘ಚಾಂದ’ ಎಂದರೆ ಚಂದ್ರನಂಥ ದುಂಡನೆಯ ಗುರಿಹಲಗೆ, ‘ಮಾರಿ’ ಎಂದರೆ ಹೊಡೆತ. ಕನ್ನಡದ ಕಿವಿಗೆ ಮಾರಿ ಎಂದರೆ ಮುಖವಾದ್ದರಿಂದ ಧಣಿಯು ಅದನ್ನು ಚಂದದ ಮಾರಿ ತೋರಿಸುವ ಸ್ಥಳವೆಂದೇ ಭಾವಿಸಿದವನಂತೆ, ಇಸ್ತ್ರಿ ಮಾಡಿದ ಬಿಳಿ ಧೋತರ, ಹೆಗಲಿಗೆ ಶಲ್ಯ, ಕಾಲಿಗೆ ಕಿರ್ರೆನ್ನುವ ಜೋಡು ಧರಿಸಿ ಬರುತ್ತಾನೆ. ನೆಲದ ಮೇಲೆ ಬೋರಲು ಮಲಗಿ ಗುಂಡು ಹಾರಿಸಬೇಕೆಂಬ ಸಂಗತಿಯು ಆತನಿಗೆ ತಿಳಿಯುವುದು ಬಂದ ಮೇಲೆ.

ಮೈದಾನದ ರಚನೆಯಲ್ಲಿ ಧಣಿಗೆ ಅಪರಿಚಿತವಾದದ್ದೇನೂ ಇಲ್ಲ. ಗುರಿಹಲಗೆಗಳ ಹಿಂದೆ, ತಪ್ಪಿದ ಗುಂಡನ್ನು ನುಂಗಲೆಂದು ಎತ್ತರದ ಮಣ್ಣಿನ ದಿಬ್ಬವಿರುತ್ತದೆ, 0.22ರ ಚಿಕ್ಕ ಗುಂಡು ಕೂಡ ಅಡೆತಡೆಯಿಲ್ಲದಿದ್ದರೆ ಒಂದು ಕಿಲೋಮೀಟರಿಗಿಂತ ಆಚೆ ಹೋಗಬಲ್ಲದು. ಗುಂಡು ಹಾರುವ ಹೊತ್ತಿನಲ್ಲಿ ಕೆಂಪು ಬಾವುಟ ಏರುತ್ತದೆ, ಅದು ಇಳಿಯುವವರೆಗೆ ಯಾರೂ ಗೆರೆ ದಾಟುವಂತಿಲ್ಲ. ವಾಡಿ ಮತ್ತು ಸೇಡಂನ ಸಿಮೆಂಟು ಕಾರ್ಖಾನೆಗಳ ಸುಣ್ಣದಕಲ್ಲಿನ ಗಣಿಗಳಲ್ಲಿಯೂ ಇದೇ ಶಿಸ್ತು ನಡೆಯುತ್ತದೆ: ಕೊರೆದ ರಂಧ್ರಗಳಿಗೆ ಮದ್ದು ತುಂಬಿದ ಮೇಲೆ ಸೈರನ್ ಕೂಗುತ್ತದೆ, ದಾರಿಗಳಲ್ಲಿ ಕಾವಲಿನವರು ನಿಲ್ಲುತ್ತಾರೆ, ಎಲ್ಲ ರಂಧ್ರಗಳೂ ಹಾರಿದುವೆಂದು ಮದ್ದಿನವನು ನೋಡಿ ಖಾತರಿಪಡಿಸಿಕೊಂಡ ಮೇಲಷ್ಟೇ ದಾರಿ ತೆರೆಯುತ್ತದೆ. ಅಲ್ಲಿ ಧಣಿಯು ತನ್ನ ಜೀಪು ನಿಲ್ಲಿಸಿ, ಎಲೆಅಡಿಕೆ ಹಾಕಿಕೊಂಡು, ಒಂದು ಮಾತೂ ಆಡದೆ ಕಾಯುತ್ತಾನೆ. ತೂತಿನಲ್ಲಿ ಮದ್ದು ಉಳಿದಿರಬಹುದೆಂಬ ಸಂಶಯಕ್ಕೆ ಆತನು ತಲೆಬಾಗುತ್ತಾನೆ. ಅದೇ ಸಂಶಯವನ್ನು ತನ್ನ ಕೈಯಲ್ಲಿರುವ ನಳಿಗೆಯ ತೂತಿನ ಮೇಲೆ ಯಾರಾದರೂ ತೋರಿಸಿದರೆ ಅದು ಮನೆತನದ ಮೇಲಿನ ಸಂಶಯವಾಗಿ ಪರಿಣಮಿಸುತ್ತದೆ. ಸ್ಫೋಟಕವೊಂದೇ ಆದರೂ ಅದರ ಒಡೆತನ ಬದಲಾದಾಗ ಭಯದ ಪ್ರಮಾಣ ಹೀಗೆ ಬದಲಾಗುವುದೇಕೆಂಬುದು ಮನಶ್ಶಾಸ್ತ್ರಜ್ಞರು ಶೋಧಿಸಬೇಕಾದ ವಿಷಯ.

ಪ್ರತಿಯೊಂದು ಬಂದೂಕನ್ನೂ ಗುಂಡು ತುಂಬಿದ್ದೆಂದೇ ತಿಳಿಯತಕ್ಕದ್ದು; ಹೊಡೆಯಲು ಇಚ್ಛಿಸದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಕೂಡದು; ಗುರಿ ಕಣ್ಣಿಗೆ ಸಿಗುವವರೆಗೆ ಟ್ರಿಗರಿನ ಮೇಲೆ ಬೆರಳಿಡಕೂಡದು; ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದನ್ನು ಅರಿತಿರತಕ್ಕದ್ದು. ಅಮೆರಿಕದ ನೌಕಾಸೈನಿಕ ಪಡೆಯ ಅಧಿಕಾರಿಯಾಗಿದ್ದ ಜೆಫ್ ಕೂಪರ್ ಎಂಬಾತನ ಮೂಲಕ ಈ ರೂಪದಲ್ಲಿ ಜಗತ್ಪ್ರಸಿದ್ಧವಾದ ಈ ನಾಲ್ಕು ಸೂತ್ರಗಳಲ್ಲಿ ಮೊದಲನೆಯದು ಧಣಿಯ ಮೂರು ಪದಗಳನ್ನು ಬುಡಸಮೇತ ಕಿತ್ತುಹಾಕುತ್ತದೆ. ತರಬೇತುದಾರನನ್ನು ಸೈನ್ಯ ಮತ್ತು ಎನ್‌ಸಿಸಿಯ ರೂಢಿಯಲ್ಲಿ ಉಸ್ತಾದ್ ಎನ್ನುತ್ತಾರೆ. ಅಲ್ಲಿ ಹಿಂದಿಯಲ್ಲಿ ಬಳಕೆಯಾಗುವ ಆಜ್ಞೆಗಳ ಪೈಕಿ ‘ಭರ್’ ಎಂದರೆ ತುಂಬು, ‘ಖಾಲಿ ಕರ್’ ಎಂದರೆ ಬರಿದು ಮಾಡು, ಮತ್ತು ‘ಜಾಂಚ್ ಶಸ್ತ್ರ’ ಎಂದರೆ ಬರಿದಾದದ್ದನ್ನು ತೋರಿಸು. ಬರಿದು ಮಾಡೆಂಬ ಆಜ್ಞೆಯ ಬೆನ್ನಿಗೇ ತೋರಿಸೆಂಬ ಆಜ್ಞೆ ಬರುವುದು ಧಣಿಯ ದೃಷ್ಟಿಯಲ್ಲಿ ಶುದ್ಧ ಅವಮಾನ.

“ಖಾಲಿ ಅದ ಅಂತ ಹೇಳೀನಲ್ರಿ ಉಸ್ತಾದ್ರ, ನಮ್ಮ ಮಾತಿನ ಮ್ಯಾಲ ನಂಬಿಕಿ ಇಲ್ಲೇನು?”

“ನಿಮ್ಮ ಮ್ಯಾಲ ಅದ ಧಣಿ, ಬಂದೂಕಿನ ಮ್ಯಾಲ ಇಲ್ಲ. ತೆರದು ತೋರಸ್ರಿ.”

ಈ ಉತ್ತರದಲ್ಲಿ ಗೌರವವೂ ಆಜ್ಞೆಯೂ ಒಟ್ಟಿಗೇ ಇರುವುದರಿಂದ ಧಣಿಗೆ ಸಿಟ್ಟುಮಾಡಲು ಎಡೆ ಸಿಗುವುದಿಲ್ಲ. ಆತನು ತೆರೆದು ತೋರಿಸುತ್ತಾನೆ, ಆದರೆ ತೋರಿಸುವ ಭರದಲ್ಲಿ ನಳಿಗೆಯನ್ನು ಉಸ್ತಾದನ ಹೊಟ್ಟೆಯ ಕಡೆಗೇ ತಿರುಗಿಸುತ್ತಾನೆ. ಹೀಗೆ ಮೊದಲ ಸೂತ್ರವನ್ನು ಪಾಲಿಸಲು ಹೋಗಿ ಎರಡನೆಯದನ್ನು ಮುರಿಯುವುದು ಈ ವರ್ಗದವರ ಸ್ಥಾಯಿ ಲಕ್ಷಣ.

ಮೂರನೆಯ ಸೂತ್ರದ ಗತಿಯೂ ಅದೇ. ಟ್ರಿಗರನ್ನು ಉರ್ದುವಿನಲ್ಲಿ ಘೋಡಾ, ಎಂದರೆ ಕುದುರೆ ಎನ್ನುವ ಧಣಿಯು ಲಗಾಮು ಬಿಟ್ಟ ಕುದುರೆಯ ಮೇಲೆ ಕುಳಿತವನ ಭಯದಿಂದ ಬೆರಳನ್ನು ಅದರ ಮೇಲಿಂದ ತೆಗೆಯುವುದೇ ಇಲ್ಲ. ಹಾರಿಸುವ ಗಳಿಗೆಯಲ್ಲಿ ಅದನ್ನು ಮೆಲ್ಲನೆ ಒತ್ತುವ ಬದಲು ಬಾವಿಯ ಹಗ್ಗದಂತೆ ಜಗ್ಗುತ್ತಾನೆ. ಇದಕ್ಕೆ ಝಟಕಾ ಎಂಬ ದೋಷನಾಮವಿದೆ. ಸದ್ದಿಗೆ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುವುದು ಇನ್ನೊಂದು ದೋಷ. ಕಾವ್ಯದ ದೋಷಗಳನ್ನು ವಿಂಗಡಿಸುವುದರಿಂದಲೇ ಮೊದಲಾಗುವ ಕವಿರಾಜಮಾರ್ಗವು, ಇದೇ ಸೇಡಂ ತಾಲೂಕಿನ ಮಳಖೇಡದಿಂದ, ಎಂದರೆ ರಾಷ್ಟ್ರಕೂಟರ ಮಾನ್ಯಖೇಟದಿಂದ, ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರೂಪುಗೊಂಡಿತೆಂಬುದನ್ನು ನೆನೆದರೆ, ದೋಷವಿಚಾರವು ಈ ನೆಲಕ್ಕೆ ಹೊಸದಲ್ಲ. ತನ್ನ ದೋಷವನ್ನು ಒಪ್ಪುವ ಪದ್ಧತಿ ಮಾತ್ರ ಇನ್ನೂ ಬೇರೂರಿಲ್ಲ.

ಗುರಿಹಲಗೆಗಳನ್ನು ಎಣಿಸುವ ಹೊತ್ತಿಗೆ ಇದಕ್ಕೆ ಸಾಕ್ಷಿ ದೊರೆಯುತ್ತದೆ. ಧಣಿಗೆ ಕೊಟ್ಟ ಗುಂಡುಗಳು ಐದು. ಆತನ ಹಲಗೆಯಲ್ಲಿ ಎರಡು ತೂತುಗಳಿದ್ದರೆ, ಬಲಗಡೆ ಮಲಗಿದ್ದ ಕಾಲೇಜು ಹುಡುಗಿಯ ಹಲಗೆಯಲ್ಲಿ ಏಳಿರುತ್ತವೆ. ಅವುಗಳಲ್ಲಿ ಐದು ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಾದಷ್ಟು ಒತ್ತಾಗಿ, ಉಳಿದೆರಡು ಎಲ್ಲೋ ಮೂಲೆಯಲ್ಲಿ. ಒಬ್ಬನ ಗುಂಡು ಇನ್ನೊಬ್ಬನ ಹಲಗೆಗೆ ತಗಲುವುದನ್ನು ಕ್ರಾಸ್ ಫೈರ್ ಎನ್ನುತ್ತಾರೆ. ಸ್ಪರ್ಧೆಗಳಲ್ಲಿ ಅಂಥ ಗುಂಡು ಹಾರಿಸಿದವನ ಪಾಲಿಗೆ ಅದು ಗುರಿ ತಪ್ಪಿದ ಲೆಕ್ಕ. ಹಿರಿಯರು ಬಾಂದು ಒತ್ತಿ ಪಕ್ಕದ ಹೊಲದಲ್ಲಿ ಎರಡು ಸಾಲು ಬಿತ್ತಿದ ಮನೆತನದಲ್ಲಿ ಗುಂಡುಗಳೂ ಹದ್ದು ಮೀರಿದರೆ ಅಚ್ಚರಿಯಿಲ್ಲ. ಧಣಿಯ ವಾದವು ಬೇರೆ: ಒತ್ತಾಗಿರುವ ಐದೂ ತನ್ನವೆಂದೂ, ಮೂಲೆಯವು ಆ ಹುಡುಗಿಯವೆಂದೂ, ಕಾಗಿಣಾ ನದಿಯ ಕಡೆಯಿಂದ ಬೀಸಿದ ಗಾಳಿಗೆ ತನ್ನ ಗುಂಡುಗಳು ಒಟ್ಟಾಗಿಯೇ ಬಲಕ್ಕೆ ಸರಿದುವೆಂದೂ ಆತನು ಪ್ರತಿಪಾದಿಸುತ್ತಾನೆ. ಹಾಗಾದರೆ ತನ್ನ ಹಲಗೆಯ ಎರಡು ತೂತುಗಳು ಯಾರವೆಂಬ ಪ್ರಶ್ನೆಗೆ ಆತನು ಎಡಗಡೆಯವನನ್ನು ನೋಡುತ್ತಾನೆ.

ಊಟದ ಬಿಡುವಿನಲ್ಲಿ ಧಣಿಯ ಬೇಟೆಯ ವೃತ್ತಾಂತಗಳು ಹೊರಬರುತ್ತವೆ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾದದ್ದನ್ನೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿಷೇಧಿಸಿರುವುದನ್ನೂ ಆತನು ಚೆನ್ನಾಗಿ ಬಲ್ಲವನಾದ್ದರಿಂದ, ಪೊಲೀಸರು ಸುತ್ತಲಿರುವಾಗ ತಾನು ಕೊಂದ ಹಂದಿಗಳನ್ನೆಲ್ಲ ಎಚ್ಚರಿಕೆಯಿಂದ 1972ರ ಹಿಂದಿನವೆಂದೇ ಹೇಳುತ್ತಾನೆ. ಆಧಾರ್ ಕಾರ್ಡಿನ ಪ್ರಕಾರ ಆಗ ಆತನಿಗೆ ಮೂರು ವರ್ಷ. ಮದುವೆಯ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಇವೆಯೆಂದು 2019ರ ತಿದ್ದುಪಡಿಯನ್ನು ಉಸ್ತಾದನು ವಿವರಿಸುವಾಗ ಮಾತ್ರ ಆತನು ಮೌನವಾಗಿ, ಮುಂದಿನ ತಿಂಗಳ ಮಗನ ಮದುವೆಯನ್ನು ನೆನೆದು, ಪಟಾಕಿಯ ಖರ್ಚನ್ನು ಲೆಕ್ಕಹಾಕುತ್ತಾನೆ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಧಣಿಯಲ್ಲಿ ಆಗುವ ಬದಲಾವಣೆಯು ಸಣ್ಣದು. ಆತನು ಅದಕ್ಕೆ ಚೌಕಟ್ಟು ಹಾಕಿಸಿ ಬಂದೂಕು ಇದ್ದ ಮೊಳೆಗೆ ತೂಗಿಸುತ್ತಾನೆ, ನಿಯಮದಂತೆ ಬಂದೂಕನ್ನು ತಿಜೋರಿಗೆ ಸೇರಿಸಿ ಬೀಗ ಹಾಕುತ್ತಾನೆ. ಬಂದವರು ನೋಡಬೇಕೆಂದರೆ ಹೊರತೆಗೆದು, ನಳಿಗೆಯನ್ನು ಅಂಗಳದ ಖಾಲಿ ಮೂಲೆಗೆ ತಿರುಗಿಸಿ, ಮುರಿದು ತೆರೆದು, ಎರಡೂ ತೂತುಗಳಲ್ಲಿ ಕಿರುಬೆರಳಾಡಿಸಿ ತೋರಿಸುತ್ತಾನೆ. ಆ ವಿಧಿಯು ಮುಗಿಯುವ ಹೊತ್ತಿಗೆ ಚಹಾ ತಣ್ಣಗಾಗಿರುತ್ತದೆ.

ಮುಂದಿನ ಚುನಾವಣೆಗೆ ಬಂದೂಕನ್ನು ಜಮಾ ಮಾಡಲು ಹೋದಾಗ, ಠಾಣೆಯ ಎಳೆಯ ಪೇದೆಯೊಬ್ಬನು ಅದನ್ನು ಎತ್ತಿಕೊಂಡು ಸಂಖ್ಯೆ ಓದಲೆಂದು ಬೆಳಕಿನತ್ತ ತಿರುಗುತ್ತಾನೆ. ಧಣಿಯು ಶಲ್ಯ ಜಾರುವುದನ್ನೂ ಗಮನಿಸದೆ ಬಾಗಿಲ ಹಿಂದಕ್ಕೆ ಸರಿದು ಕೂಗುತ್ತಾನೆ: “ಏ ತಮ್ಮಾ, ಅದರ ಮಾರಿ ಆ ಕಡಿ ತಿರುವೋ!”

ಪೇದೆಯು ದಾಖಲೆಯ ಪುಸ್ತಕದಿಂದ ತಲೆಯೆತ್ತದೆ ಹೇಳುತ್ತಾನೆ: “ಖಾಲಿ ಅದ ಬಿಡ್ರಿ.”