14 ಕುದುರೆ ಎಲ್ಲಿ ಹೋದವು?

ಅಕ್ಕನ ಮಗ ಬೆಂಗಳೂರಿನಿಂದ ನಾಯಕನಹಟ್ಟಿಗೆ ಬಂದರೆ ಮೊದಲು ತಿಪ್ಪೇರುದ್ರಸ್ವಾಮಿಗೆ ಕೈಮುಗಿಯುತ್ತಾನೆ, ಆಮೇಲೆ ಕಾರಿನ ಬಾನೆಟ್ಟು ಎತ್ತುತ್ತಾನೆ. ಈ ಸಲ ಒಂದು ಕಾಗದವನ್ನೂ ಬಿಚ್ಚಿದ. "ಡೈನೋ ಮಾಡಿಸ್ದೆ, ಮಾಮ." ಕಾರನ್ನು ಬೆಲ್ಟು ಬಿಗಿದು ನಿಲ್ಲಿಸಿ, ಚಕ್ರಗಳನ್ನು ರೋಲರಿನ ಮೇಲೆ ಓಡಿಸಿ ಬಲ ಅಳೆಯುವ ಯಂತ್ರವದು. ಎಷ್ಟು ಓಡಿದರೂ ಕಾರು ಇದ್ದಲ್ಲೇ ಇರುತ್ತದೆ. ಬೆಂಗಳೂರಿನವರಿಗೆ ಅದೇನು ಹೊಸದಲ್ಲ ಬಿಡಿ.

ಕಂಪನಿಯವರು 90 ಕುದುರೆ ಎಂದು ಮಾರಿದ ಟರ್ಬೊ ಡೀಸೆಲ್ ಕಾರು. ರೋಲರಿನ ಮೇಲೆ ಸಿಕ್ಕಿದ್ದು 76. ಹುಡುಗನ ಮುಖ ಬಾಡಿತ್ತಂತೆ. ಕಂಪನಿಯದು ಸುಳ್ಳಲ್ಲ. ಅವರು ಅಳೆಯುವುದು ಎಂಜಿನ್ನಿನಲ್ಲಿ, ಇವನು ಅಳೆಸಿದ್ದು ಚಕ್ರದಲ್ಲಿ. ನಡುವೆ ಗೇರ್‌ಬಾಕ್ಸು, ಟೈರು ಎಲ್ಲರೂ ತಂತಮ್ಮ ಮಾಮೂಲು ಮುರಿದುಕೊಳ್ಳುತ್ತಾರೆ.

ಆಮೇಲೆ ಎಂಜಿನ್ನನ್ನು ಆಳುವ ಕಂಪ್ಯೂಟರು ಇಸಿಯುಗೆ ಹೊಸ ಸಾಫ್ಟ್‌ವೇರು ಹಾಕಿಸಿ ಮತ್ತೆ ರೋಲರು ಹತ್ತಿಸಿದ. 95! ನನ್ನ ತಕರಾರು ಇಲ್ಲೇ. ಮೊದಲ ಅಳತೆ ಏಪ್ರಿಲ್ಲಿನ ಮಟಮಟ ಮಧ್ಯಾಹ್ನ, ಎರಡನೆಯದು ಜುಲೈ ಬೆಳಗ್ಗೆ. ತಣ್ಣನೆಯ ಗಾಳಿ ದಟ್ಟ, ಎಂಜಿನ್ನಿಗೆ ಆಮ್ಲಜನಕ ಹೆಚ್ಚು. ಬೆಂಗಳೂರಿನ ಎತ್ತರಕ್ಕೆ ಗಾಳಿಯ ಒತ್ತಡ ಕಡಲ ದಂಡೆಗಿಂತ ಸುಮಾರು ಶೇ. 10 ಕಡಿಮೆ. ಯಂತ್ರವೇನೋ ಇದನ್ನೆಲ್ಲ ಲೆಕ್ಕ ಹಾಕಿ ಅಂಕಿ ತಿದ್ದುತ್ತದೆ. ಟರ್ಬೊ ಎಂಜಿನ್ನಿಗೆ ಆ ತಿದ್ದುಪಡಿ ಸರಿಯಾಗಿ ಒಪ್ಪುವುದಿಲ್ಲ. ಟೈರಿನ ಗಾಳಿ ಎರಡು ಸಲವೂ ಒಂದೇ ಇತ್ತೇ? ಬೆಲ್ಟಿನ ಬಿಗಿ? "ಹೆಚ್ಚಿದ 19ರಲ್ಲಿ ಸಾಫ್ಟ್‌ವೇರಿಂದು ಎಷ್ಟು, ಮುಂಗಾರಿಂದು ಎಷ್ಟು?" ಅಂದೆ. ಹುಡುಗ ಕಾಗದ ಮಡಚಿದ.

"ಮೈಲೇಜು ಎಷ್ಟು ಬರುತ್ತೋ?" ಎಂದಳು ಅಕ್ಕ. ಅದಕ್ಕೂ ಉತ್ತರವಿಲ್ಲ.

ಕುದುರೆಯ ಲೆಕ್ಕವನ್ನು ರೂಢಿಗೆ ತಂದವನು ಜೇಮ್ಸ್ ವಾಟ್, ತನ್ನ ಉಗಿಯಂತ್ರ ಮಾರುವುದಕ್ಕೆ. ಒಂದು ಕುದುರೆಗೆ 746 ವಾಟ್. ಒಂದೇ ಸಮ ದುಡಿಯುವ ಮನುಷ್ಯ ಹೆಚ್ಚುಕಡಿಮೆ 75 ವಾಟ್, ಅಂದರೆ ಹತ್ತು ಜನಕ್ಕೊಂದು ಕುದುರೆ. ಫಾಲ್ಗುಣದ ಹಟ್ಟಿ ಜಾತ್ರೆಯಲ್ಲಿ 950 ಭಕ್ತರು ತೇರಿನ ಹಗ್ಗ ಹಿಡಿದರೆ ಹುಡುಗನ ಕಾರಿಗೆ ಸಮ! ಹಾಗಂತ ಕಾರಿಗೆ ಹಗ್ಗ ಕಟ್ಟಿ ನೋಡಿ, ಕ್ಲಚ್ಚು ಸುಟ್ಟ ವಾಸನೆ ಬಂದೀತೇ ಹೊರತು ತೇರು ಕದಲದು. ಎಳೆತ ಬೇರೆ, ವೇಗ ಬೇರೆ. ಎರಡನ್ನೂ ಗುಣಿಸಿದರೆ ಬರುವುದು ಕುದುರೆ. ಭಕ್ತರಲ್ಲಿ ಎಳೆತವಿದೆ, ಅವಸರವಿಲ್ಲ.

ಕೊನೆಯ ಬಾಣ ಬಿಟ್ಟೆ. 2024ರ ಜೂನ್ 23ರಂದು ಇಲ್ಲೇ ಪಕ್ಕದ ಏರೋನಾಟಿಕಲ್ ಟೆಸ್ಟ್ ರೇಂಜಿನಲ್ಲಿ ಇಸ್ರೋದ ಪ್ರಾಯೋಗಿಕ ಮರುಬಳಕೆ ನೌಕೆ ಪುಷ್ಪಕ್ ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ರನ್‌ವೇ ಮುಟ್ಟಿತಲ್ಲ, ಎಂಜಿನ್ನಿನ ನೆರವೇ ಇಲ್ಲದೆ ತೇಲಿಕೊಂಡು. "ಸೊನ್ನೆ ಕುದುರೆ ಕಣೋ!"

ಹುಡುಗ ಬಾನೆಟ್ಟು ಮುಚ್ಚಿದ. "ಅದನ್ನ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಹೊತ್ಕೊಂಡು ಹೋಗಿದ್ದು ಚಿನೂಕ್ ಹೆಲಿಕಾಪ್ಟರು, ಮಾಮ. ಅದರ ಒಂದೊಂದು ಎಂಜಿನ್ನಿಗೂ 4,000ಕ್ಕಿಂತ ಹೆಚ್ಚು ಕುದುರೆ. ಅಂಥವು ಎರಡು."